ಮೂರನೆಯ ತೋಟೆ

"ಗುರುಗಳೇ, ಕೋವಿ ನನ್ನದು, ಗದ್ದೆ ನನ್ನದು. ನಾನು ಯಾರ ತಂಟೆಗೂ ಹೋದವನಲ್ಲ. ಯಾತಕ್ಕೆ ಇಟ್ಟುಕೊಂಡಿದ್ದೀ ಎಂದು ಸರ್ಕಾರ ನನ್ನನ್ನು ಯಾಕೆ ಕೇಳಬೇಕು? ಕೆಟ್ಟವನನ್ನು ಕೇಳಲಿ."

ಹೀಗೆ ಕೇಳಿದ ಶಿಷ್ಯ ಕಾಡಂಚಿನ ಊರಿನವನು. ಪರವಾನಗಿಗಾಗಿ ಅಲೆದು ಅಲೆದು ಅವನಿಗೆ ಸಿಟ್ಟು ಬಂದಿತ್ತು. ಗುರುಗಳು ಒಂದು ಕಥೆ ಹೇಳಿದರು.

ಗುಡ್ಡದ ಮೇಲೆ ಒಂದು ಊರಿತ್ತು. ಮನೆಗಳು ದೂರ ದೂರ. ಕೂಗಿದರೆ ಕೇಳಿಸದು. ಮನೆಗೊಂದು ಕೋವಿ ಇತ್ತು. ಹಂದಿ ಬಂದರೆ ಒಂದು ಗುಂಡು ಹೊಡೆಯುತ್ತಿದ್ದರು. ಮನೆಯಲ್ಲಿ ಸಾವಾದರೆ ಆಕಾಶಕ್ಕೆ ಎರಡು, ಒಂದರ ಹಿಂದೆ ಒಂದು. ಎರಡು ಕೇಳಿಸಿದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೋಗುತ್ತಿದ್ದರು. ಅದು ಹಿರಿಯರ ಕಾಲದ ವಾಡಿಕೆ.

ಒಮ್ಮೆ ಒಂದು ಮನೆಯಿಂದ ಎರಡು ಗುಂಡು ಕೇಳಿಸಿತು. ಮುದುಕಿ ಹೋದಳೇನೋ ಎಂದುಕೊಂಡು ಜನ ಹೋದರು. ಮುದುಕಿ ಬಾಗಿಲಲ್ಲೇ ಕೂತಿದ್ದಳು. ಒಳಗೆ ತಮ್ಮ ಸತ್ತು ಬಿದ್ದಿದ್ದ. ಅಣ್ಣನ ಕೈಯಲ್ಲಿ ಕೋವಿ ಇತ್ತು. ಕುಡಿದು ಜಗಳವಾಡಿದ್ದರು. ಆ ಗುಂಡು ಸಾವನ್ನು ಸಾರಿದ್ದಲ್ಲ, ಸಾವನ್ನು ತಂದದ್ದು.

ಅದಾದ ಮೇಲೆ ಊರವರು ಒಂದು ಕಟ್ಟಳೆ ಮಾಡಿದರು. ಕೋವಿ ಅವರವರ ಮನೆಯಲ್ಲಿರಲಿ. ಗುಂಡಿನ ತೋಟೆಗಳು ಮಾತ್ರ ಕೆಳಗಿನ ಚಾವಡಿಯ ಪೆಟ್ಟಿಗೆಯಲ್ಲಿರಲಿ. ಬೇಕಾದವನು ಬಂದು ಯಾತಕ್ಕೆಂದು ಹೇಳಿ ಒಯ್ಯಲಿ, ಉಳಿದದ್ದನ್ನು ತಂದು ಕೊಡಲಿ. ಪೆಟ್ಟಿಗೆಯ ಬೀಗದ ಕೈ ಊರು ಕಾಯುವ ತಳವಾರನ ಸೊಂಟಕ್ಕೆ ಬಂತು.

ಆ ಊರಿನಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನು. ಕುಡಿಯುವವನಲ್ಲ, ಹೊಡೆಯುವವನಲ್ಲ. ಅವನ ಮನೆ ಎಲ್ಲಕ್ಕಿಂತ ಮೇಲೆ, ಕಾಡಿಗೆ ತಾಗಿ. ಮಕ್ಕಳಿರಲಿಲ್ಲ. ಅವನು, ಅವನ ಹೆಂಡತಿ, ಇಬ್ಬರೇ. ಅವನಿಗೆ ಈ ಕಟ್ಟಳೆ ಹಿಡಿಸಲಿಲ್ಲ. ಯಾರೋ ಮಾಡಿದ್ದಕ್ಕೆ ತಾನು ಗುಡ್ಡ ಇಳಿಯಬೇಕೇ ಎಂದು ಚಾವಡಿಯಲ್ಲೇ ಕೇಳಿದ. ನಾನು ಬರುವ ತನಕ ಬೇಲಿಯ ಆಚೆ ನಿಂತಿರಿ ಅಂತ ಹಂದಿಗಳಿಗೂ ಡಂಗುರ ಹೊಡೆಸಿ ಎಂದ. ಜನ ನಕ್ಕರು. ಕಟ್ಟಳೆ ಹಾಗೇ ಉಳಿಯಿತು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಂದು ವರ್ಷ ಅವನು ಕೆಳಗೆ ಹೋಗಿ ಬರುವಷ್ಟರಲ್ಲಿ ಹಂದಿಗಳು ತೆನೆ ಕಟ್ಟಿದ ಗದ್ದೆಯನ್ನೆಲ್ಲ ಉರುಳಾಡಿ ಮುಗಿಸಿದ್ದವು. ಆ ನಷ್ಟವನ್ನು ಯಾರೂ ಕಟ್ಟಿಕೊಡಲಿಲ್ಲ. ಆಮೇಲೂ ಅವನು ಹೋದಾಗಲೆಲ್ಲ ತಳವಾರ, ಯಾತಕ್ಕೆ ಗೌಡ್ರೇ, ಎಂದೇ ಕೇಳುತ್ತಿದ್ದ. ನನ್ನ ಹೆಂಡತಿಯೂ ನನ್ನನ್ನು ಇಷ್ಟು ವಿಚಾರಿಸುವುದಿಲ್ಲವಲ್ಲೋ ಎಂದು ಅವನು ಬೈಯುತ್ತಿದ್ದ. ಬೈದು, ಹಂದಿಗೆ, ಎಂದು ಹೇಳಿ ಒಯ್ಯುತ್ತಿದ್ದ.

ಆ ಹೆಂಡತಿ ಜ್ವರ ಬಂದು ಮಲಗಿದಳು. ಏಳಲಿಲ್ಲ. ಒಂದು ಬೆಳಿಗ್ಗೆ ತೀರಿಕೊಂಡಳು.

ರೈತ ಅವಳ ಮುಖ ಒರೆಸಿದ. ತಲೆಯ ಹತ್ತಿರ ದೀಪ ಹಚ್ಚಿಟ್ಟ. ಕೊಟ್ಟಿಗೆಗೆ ಹೋಗಿ ದನಗಳ ಹಗ್ಗ ಬಿಚ್ಚಿಬಿಟ್ಟ. ಆಮೇಲೆ ಗುಡ್ಡ ಇಳಿದ.

"ಯಾತಕ್ಕೆ, ಗೌಡ್ರೇ?" ಎಂದ ತಳವಾರ.

"ಮನೆಯವಳು ಹೋದಳು."

ತಳವಾರ ಎದ್ದು ನಿಂತ. ಪೆಟ್ಟಿಗೆ ತೆಗೆದು ಎರಡು ತೋಟೆಗಳನ್ನು ಅವನ ಕೈಯಲ್ಲಿಟ್ಟ. ರೈತ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮೂರು ಕೊಡು."

"ಸಾವಿಗೆ ಎರಡಲ್ವಾ? ಮೂರನೇದು ಯಾರಿಗೆ?"

ಹಂದಿಗೆ ಎಂದಿದ್ದರೆ ಸಾಕಿತ್ತು. ತಳವಾರ ಕೊಟ್ಟುಬಿಡುತ್ತಿದ್ದ. ಎಷ್ಟೋ ವರ್ಷ ಆಡಿದ ಮಾತು ಅದು. ಆದರೆ ಅವತ್ತು ಅವನ ಬಾಯಿಗೆ ಬರಲಿಲ್ಲ. ಅದು ನನಗೇ ಎಂದು ಕೂಡ ಅವನು ಹೇಳಲಿಲ್ಲ. ಕೈ ಚಾಚಿಕೊಂಡು ನಿಂತೇ ಇದ್ದ.

ತಳವಾರ ಅವನ ಮುಖ ನೋಡಿದ. ಪೆಟ್ಟಿಗೆಗೆ ಬೀಗ ಹಾಕಿದ. ಕಂಬಳಿ ಹೆಗಲಿಗೆ ಹಾಕಿಕೊಂಡು, ನಡೀರಿ, ನಾನೂ ಬರ್ತೀನಿ, ಎಂದ. ಬೇಡ ಎಂದ ರೈತ. ತಳವಾರ ಮುಂದೆ ಮುಂದೆ ನಡೆದ.

ಮೇಲೆ ದನಗಳು ಗದ್ದೆಯಲ್ಲಿ ಅಡ್ಡಾಡುತ್ತಿದ್ದವು. ತಳವಾರ ಏನೂ ಕೇಳಲಿಲ್ಲ. ಒಂದೊಂದನ್ನೇ ಹಿಡಿದು ತಂದು ಕಟ್ಟಿದ. ಆಮೇಲೆ ಇಬ್ಬರೂ ಅಂಗಳದಲ್ಲಿ ನಿಂತರು. ರೈತ ಎರಡು ಗುಂಡು ಹೊಡೆದ. ಗುಡ್ಡದ ಮನೆಗಳಿಂದ ಜನ ಬಂದರು. ಅವಳನ್ನು ಹೊತ್ತರು. ತಿಥಿ ಮುಗಿಯುವ ತನಕ ಯಾರಾದರೊಬ್ಬರು ಅವನ ಜಗಲಿಯಲ್ಲಿ ಮಲಗಿದರು. ಗಂಜಿ ಮಾಡಿಟ್ಟರು, ಉಂಡ.

ಗುರುಗಳು ನಿಲ್ಲಿಸಿದರು. ಅವರಿಗೆ ದಣಿವಾದಂತಿತ್ತು.

ಶಿಷ್ಯ ಕೇಳಿದ: "ಹಾಗಾದರೆ ಆ ರೈತ ಕಟ್ಟಳೆ ಸರಿ ಎಂದು ಒಪ್ಪಿಕೊಂಡನೇ?"

"ಇಲ್ಲಪ್ಪ, ಈಗಲೂ ಬೈಯುತ್ತಾನೆ, ಬೈಯುವುದಕ್ಕೆ ಇದ್ದಾನೆ."