ದೊಡ್ಡಕ್ಕ ಉಂಡ ಮೇಲೆ

ತುಂಗಭದ್ರೆಯ ದಂಡೆಯ ಒಂದು ಸಣ್ಣ ಮಠದಲ್ಲಿ ಏಳುಕೋಟೆಪ್ಪಜ್ಜ ಎಂಬ ಗೊರವರ ಗುರು ಇದ್ದರು. ಅವರಿಗೆ ಇಬ್ಬರೇ ಶಿಷ್ಯರು. ಮೊದಲನೆಯವಳು ಒಂದು ನಾಯಿ.

ಎರಡನೆಯವನು ಗುಡ್ಡಪ್ಪ. ಈ ಏರ್ಪಾಡು ಅವನಿಗೆ ಅಷ್ಟಾಗಿ ಹಿಡಿಸಿರಲಿಲ್ಲ.

ಗೊರವರೆಂದರೆ ಮೈಲಾರಲಿಂಗನ ನಾಯಿಗಳು. ಹಾಗೆಂದು ಹೇಳಿಕೊಳ್ಳುವವರು ಅವರೇ, ಅದೂ ಹೆಮ್ಮೆಯಿಂದ. ಕರಿ ಕಂಬಳಿ ಹೊದ್ದು ಡಮರುಗ ಹಿಡಿದು ಭಿಕ್ಷೆಗೆ ಹೋಗುತ್ತಾರೆ. ದೋಣಿ ಎಂಬ ಮರದ ಬಟ್ಟಲೊಂದು ಅವರ ಬಳಿ ಇರುತ್ತದೆ. ಹರಕೆಯ ದಿನ ಅದಕ್ಕೆ ಹಾಲು, ತುಪ್ಪ, ಬಾಳೆಹಣ್ಣು ಹಾಕಿದರೆ ಬೊಗಳುತ್ತ ಅದಕ್ಕೇ ಬಾಯಿ ಹಚ್ಚಿ ಉಣ್ಣುತ್ತಾರೆ. ಮನುಷ್ಯನ ಸೊಕ್ಕು ಇಳಿಸಲು ಇದಕ್ಕಿಂತ ಹತ್ತಿರದ ದಾರಿ ನನಗಂತೂ ಗೊತ್ತಿಲ್ಲ.

ಗುಡ್ಡಪ್ಪನಿಗೆ ಆ ದೀಕ್ಷೆ ಬೇಕಿತ್ತು.

ತನ್ನ ಊರಲ್ಲಿ ಅವನದೊಂದು ಮಂಡಕ್ಕಿ ಭಟ್ಟಿ ಇತ್ತು. ಕಾದ ಉಸುಕಿನಲ್ಲಿ ಅವನು ಅಕ್ಕಿ ಹುರಿದರೆ, ಹೆಂಡತಿ ನೀಲವ್ವ ಜರಡಿ ಹಿಡಿಯುತ್ತಿದ್ದಳು. ಬೇಸಿಗೆಯಲ್ಲಿ ಜ್ವರ ಬಂದು ನೀಲವ್ವ ತೀರಿಕೊಂಡಳು. ಮಕ್ಕಳಿರಲಿಲ್ಲ. ಅವನು ಭಟ್ಟಿ ಆರಿಸಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಇಲ್ಲಿಗೆ ಬಂದ.

"ನನ್ನನ್ನ ನಾಯಿ ಮಾಡ್ರಿ ಅಜ್ಜಾರ," ಅಂದಿದ್ದ ಬಂದ ದಿನ. "ಮನುಷ್ಯಾ ಆಗಿ ಸಾಕಾಗೇತಿ."

ಅಜ್ಜ ಮೂಲೆಯಲ್ಲಿ ಮಲಗಿದ್ದ ಕಂದು ನಾಯಿಯನ್ನು ತೋರಿಸಿದರು. "ಆಕಿ ದೊಡ್ಡಕ್ಕ. ಆಕಿ ಉಂಡ ಮ್ಯಾಲ ನಾನು. ನಾನು ಉಂಡ ಮ್ಯಾಲ ನೀನು. ಇಷ್ಟ ಕಲಿ."

ಇದರಲ್ಲಿ ಕಲಿಯುವುದೇನಿದೆ ಎಂದು ಗುಡ್ಡಪ್ಪ ಒಳಗೊಳಗೇ ಉರಿದ. ಆಮೇಲೆ ದೀಕ್ಷೆಯ ಮಾತೆತ್ತಿದಾಗಲೆಲ್ಲ ಅಜ್ಜನದು ಒಂದೇ ಪ್ರಶ್ನೆ.

"ದೊಡ್ಡಕ್ಕ ಉಂಡಳಾ?"

ಹೀಗೇ ಮಳೆಗಾಲ ಕಳೆಯಿತು. ಗುಡ್ಡಪ್ಪ ಯಾರ ಜೊತೆಗೂ ನಾಲ್ಕು ಮಾತು ಆಡುತ್ತಿರಲಿಲ್ಲ. ಕಸ ಗುಡಿಸುತ್ತಿದ್ದ, ನೀರು ತರುತ್ತಿದ್ದ, ತನ್ನ ಸರದಿ ಬಂದಾಗ ಉಣ್ಣುತ್ತಿದ್ದ. ಹೊಳೆಯ ಮಡುವನ್ನು ಮಾತ್ರ ಬಹಳ ಹೊತ್ತು ನೋಡುತ್ತಿದ್ದ. ಅಜ್ಜ ಅದನ್ನು ಗಮನಿಸಿದ್ದರು.

ಒಂದು ಮಧ್ಯಾಹ್ನ ಅಜ್ಜ ಸ್ನಾನಕ್ಕೆ ಹೋಗಿದ್ದರು. ದೊಡ್ಡಕ್ಕ ತನ್ನ ದೋಣಿಯಲ್ಲಿದ್ದ ಹಾಲು ಅನ್ನ ಉಣ್ಣುತ್ತಿದ್ದಳು. ಗುಡ್ಡಪ್ಪನಿಗೆ ತಾಳ್ಮೆ ಕೆಟ್ಟಿತು. ತನ್ನಲ್ಲಿ ಸೊಕ್ಕು ಉಳಿದಿಲ್ಲವೆಂದು ಇವತ್ತೇ ತೋರಿಸಿಬಿಡಬೇಕು ಅಂದುಕೊಂಡ. ಮೊಣಕಾಲೂರಿ ಎರಡು ಸಲ ಬೊಗಳಿ, ದೋಣಿಯನ್ನು ಎರಡೂ ಕೈಯಿಂದ ಹಿಡಿದು ಬಾಯಿ ಹಾಕಿದ.

ದೊಡ್ಡಕ್ಕ ಗುರ್ ಎಂದಳು. ಅದನ್ನು ಅವನು ಆಶೀರ್ವಾದ ಎಂದುಕೊಂಡ.

ಮರುಕ್ಷಣ ಅವಳ ಹಲ್ಲು ಅವನ ಮುಂಗೈಯಲ್ಲಿತ್ತು.

ರಕ್ತ ನೋಡಿದವರು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು. ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತು. ಮಠದ ನಾಯಿಗೆ ಹುಚ್ಚು ಹಿಡಿದಿದೆಯಂತೆ ಎಂದು ಊರಿನ ಹಿರಿಯ ತಿರಕನಗೌಡ ನಾಲ್ಕು ಜನರೊಂದಿಗೆ ಬಡಿಗೆ ಹಿಡಿದು ಬಂದ. ಅವನು ಕೆಟ್ಟವನಲ್ಲ. ಹಿಂದಿನ ವರ್ಷ ಅವನ ತಮ್ಮನ ಮಗ ಹುಚ್ಚುನಾಯಿ ಕಚ್ಚಿ ಸತ್ತಿದ್ದ. ಆ ಸಾವನ್ನು ಅವನು ಕಣ್ಣಾರೆ ಕಂಡಿದ್ದ.

"ಹ್ಯಾಂಗ ಕಚ್ಚಿತು?" ಎಂದು ಕೇಳಿದ.

ನಾಯಿಯ ಬಟ್ಟಲಿಗೆ ಬಾಯಿ ಹಾಕಿದೆ ಎಂದು ಇಷ್ಟು ಜನರ ಮುಂದೆ ಹೇಳುವುದು ಹೇಗೆ? ಗುಡ್ಡಪ್ಪನಿಗೆ ನಾಚಿಕೆಯಾಯಿತು.

"ಸುಮ್ನ ಹೊಂಟಿದ್ದೆ. ಹಾರಿ ಕಚ್ಚಿತು," ಅಂದ.

ಹೆದರುವವರ ಮೇಲೆ ಹಾವು ಎಸೆದಂತಾಯಿತು. ಬಡಿಗೆಗಳು ಮೇಲೆದ್ದವು. ಅಷ್ಟರಲ್ಲಿ ಅಜ್ಜ ಬಂದು ದೊಡ್ಡಕ್ಕನ ಮುಂದೆ ನಿಂತರು. ಚೆಲ್ಲಿದ ಹಾಲನ್ನು ನೋಡಿದರು. ಗುಡ್ಡಪ್ಪನ ಗಡ್ಡಕ್ಕೆ ಅಂಟಿದ್ದ ಅನ್ನದ ಅಗುಳನ್ನೂ ನೋಡಿದರು.

ಮೊದಲು ಗಾಯ ತೊಳೆದು ಆಸ್ಪತ್ರೆಗೆ ಹೊರಡು ಎಂದರು. ಗುಡ್ಡಪ್ಪ ಅಲುಗಲಿಲ್ಲ.

"ಸಾಯಾಕ ಬಂದವಗ ಸೂಜಿ ಯಾಕ್ರಿ ಅಜ್ಜಾರ?"

"ನೀ ಸತ್ತರ ಕೆಟ್ಟ ಹೆಸರು ಆಕಿಗೆ ಬರತೈತಿ. ಏಳು."

ಆಸ್ಪತ್ರೆಯ ಡಾಕ್ಟರಮ್ಮ ಗಾಯವನ್ನು ಸೋಪು ಹಚ್ಚಿ ಮತ್ತೆ ತೊಳೆದು ಇಂಜೆಕ್ಷನ್ ಕೊಟ್ಟರು. ಉಳಿದವನ್ನೂ ತಪ್ಪಿಸುವಂತಿಲ್ಲ ಎಂದು ಗದರಿದರು. ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಿ, ಅದು ಚೆನ್ನಾಗಿದ್ದರೆ ಭಯವಿಲ್ಲ ಎಂದು ಹೇಳಿ ಕಳಿಸಿದರು.

ತಿರಕನಗೌಡ ಅರೆಮನಸ್ಸಿನಿಂದ ಒಪ್ಪಿದ. ಆದರೆ ನಡುವೆ ಅದು ಅನ್ನ ಬಿಟ್ಟರೆ, ನೀರು ಬಿಟ್ಟರೆ, ಆ ದಿನವೇ ಬಡಿಯುವುದು ಎಂದ. ಕಾಯುವವರು ಯಾರು ಎಂದು ಯಾರೋ ಕೇಳಿದರು.

"ಕಚ್ಚಿಸಿಕೊಂಡವ ಕಾಯತಾನ," ಅಂದರು ಅಜ್ಜ.

ದೊಡ್ಡಕ್ಕನನ್ನು ಬೇವಿನ ಮರಕ್ಕೆ ಸರಪಳಿಯಿಂದ ಕಟ್ಟಿದರು. ಸರಪಳಿ ಮುಟ್ಟದಷ್ಟು ದೂರದಲ್ಲಿ ಗುಡ್ಡಪ್ಪ ಕೂತ. ದೋಣಿ ಕಣ್ಣಿಗೆ ಬಿದ್ದರೆ ಅವನ ಮೈ ಉರಿಯುತ್ತಿತ್ತು. ಅದನ್ನು ಅಟ್ಟದ ಮೇಲೆ ಹಾಕಿ, ದೊಡ್ಡಕ್ಕನಿಗೆ ತಗಡಿನ ತಟ್ಟೆಯಲ್ಲಿ ಅನ್ನ ಹಾಕಿ ಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದ.

ಅವಳು ಎದ್ದು ಮೈ ಮುರಿದರೆ ಅವನಿಗೆ ಉಸಿರು ಬರುತ್ತಿತ್ತು. ಅವಳು ಜೊಲ್ಲು ಸುರಿಸಿದರೆ ಇನ್ನಷ್ಟು ದೂರ ಸರಿದು ಕೂರುತ್ತಿದ್ದ. ತನಗೆ ಸಾವಿನ ಭಯ ಇನ್ನೂ ಇದೆ ಎಂದು ತಿಳಿದು ಅವನಿಗೆ ಬಹಳ ಸಿಟ್ಟು ಬಂತು.

"ಅಜ್ಜಾರ, ನಾನು ಎಲ್ಲಾ ಬಿಟ್ಟು ಬಂದಿದ್ದೆ. ಈಗ ಮುಂಜಾನೆ ಎದ್ದ ಕೂಡಲೇ ನಾಯಿ ಮುಖಾ ನೋಡ್ತೀನಿ."

"ಮೊದಲ ಏನ್ ನೋಡ್ತಿದ್ದಿ?"

ಗುಡ್ಡಪ್ಪ ಯೋಚಿಸಿದ. "ಮಡುವು."

"ಹೂಂ," ಎಂದು ಅಜ್ಜ ಉಣ್ಣೆ ಹೊಸೆಯುವುದನ್ನು ಮುಂದುವರಿಸಿದರು.

ದಿನವಿಡೀ ಎದುರುಬದುರು ಕೂತವರು ಎಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಾರು? ಕಚ್ಚಿದವಳ ಕಣ್ಣಲ್ಲಿ ಹಗೆಯೇನೂ ಇರಲಿಲ್ಲ. ಗುಡ್ಡಪ್ಪ ಮೊದಲು ಅವಳನ್ನು ಬೈದ. ಆಮೇಲೆ ಹಸಿವಾಯಿತೇ ಎಂದು ಕೇಳಿದ. ಒಂದು ಸಂಜೆ ನೀಲವ್ವನ ಹೆಸರು ತಾನಾಗಿ ಬಾಯಿಗೆ ಬಂತು. ಅವಳು ಸತ್ತ ಮೇಲೆ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಭಟ್ಟಿಯ ಬಿಸಿಬೂದಿಯಲ್ಲಿ ಒಂದು ಚುಕ್ಕಿ ನಾಯಿ ಮಲಗುತ್ತಿತ್ತು ಎಂದು ಹೇಳಿದ. ಸೀದ ಮಂಡಕ್ಕಿಯನ್ನು ನೀಲವ್ವ ಅದಕ್ಕೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಅದು ಅವಳು ಕೂರುತ್ತಿದ್ದ ಗೋಣಿಚೀಲದ ಮೇಲೆ ಬಂದು ಮಲಗತೊಡಗಿತು. ಅದನ್ನು ನೋಡುವುದು ಅವನಿಂದ ಆಗಲಿಲ್ಲ. ಕೊಳ್ಳಿ ಹಿಡಿದು ಓಡಿಸಿದ. ಮನೆ ಬಿಟ್ಟು ಹೊರಟ ದಿನ ಬಸ್ಸಿನವರೆಗೂ ಹಿಂದೆ ಬಂತು. ಕಲ್ಲು ಬೀಸಿದ. ಕಲ್ಲು ಕಾಲಿಗೆ ತಾಗಿ ಅದು ಕುಂಯ್‌ಗುಟ್ಟಿತು.

"ಆಕಿ ಸಾಕಿದ್ದು ಅದೊಂದ ಉಳಿದಿತ್ತು ದೊಡ್ಡಕ್ಕ. ಅದಕ್ಕೂ ಹೊಡೆದು ಬಂದೆ."

ಅವನು ಅತ್ತ. ದೊಡ್ಡಕ್ಕ ಕಾಲಿನ ಮೇಲೆ ಗದ್ದವಿಟ್ಟು ಕೇಳುತ್ತಿದ್ದಳು. ಒಳಗೆ ಅಜ್ಜ ಉಣ್ಣೆ ಹೊಸೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು.

ಭಾನುವಾರ ಬಂತು. ಗಡುವು ಮುಗಿಯಲು ಇನ್ನೂ ಮೂರು ದಿನ. ಅಜ್ಜ ಕಂಬಳಿ ಹೊದ್ದು ಭಿಕ್ಷೆಗೆ ಹೊರಟರು. ಇವತ್ತೊಂದು ದಿನ ಬೇಡ ಎಂದು ಗುಡ್ಡಪ್ಪ ಅಂಗಲಾಚಿದ. ಭಾನುವಾರ ಭಿಕ್ಷೆ ಬಿಟ್ಟ ಗೊರವನುಂಟೇ ಎಂದು ಅಜ್ಜ ನಕ್ಕರು.

"ಅವರು ಬಂದರ?"

"ಬರತಾರ."

"ನಾ ಏನ್ ಮಾಡ್ಲಿ?"

"ದೊಡ್ಡಕ್ಕ ಉಂಡಳಾ, ನೋಡು."

ದೊಡ್ಡಕ್ಕ ಉಂಡಿರಲಿಲ್ಲ. ಅಜ್ಜ ಕಣ್ಮರೆಯಾದ ದಾರಿಯನ್ನೇ ನೋಡುತ್ತ ಮಲಗಿದಳು. ತಟ್ಟೆಯ ಅನ್ನಕ್ಕೆ ನೊಣ ಮುತ್ತಿದವು. ನೀರನ್ನು ಮೂಸಿಯೂ ನೋಡಲಿಲ್ಲ. ಬಿಸಿಲೇರಿತು. ಗುಡ್ಡಪ್ಪ ತನ್ನ ಗಾಯವನ್ನು ಒತ್ತಿ ನೋಡಿಕೊಂಡ. ಅದು ಚುರುಗುಟ್ಟಿತು.

ಬೇಲಿಯಾಚೆಯಿಂದ ಯಾರೋ ಇಣುಕಿ ಓಡಿಹೋದರು. ಸ್ವಲ್ಪ ಹೊತ್ತಿಗೆ ತಿರಕನಗೌಡ ಬಂದ. ಈ ಸಲ ಜನ ಹೆಚ್ಚಿದ್ದರು.

"ಅನ್ನ ಬಿಟ್ಟೈತಿ, ನೀರೂ ಬಿಟ್ಟೈತಿ. ಮಾತು ಕೊಟ್ಟಿದ್ರಿ. ಆಚೆ ಸರಿ ನೀನು."

ಗುಡ್ಡಪ್ಪ ಸರಿಯಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಟ್ಟು ಸರಪಳಿಯ ಅಳತೆಯೊಳಗೆ ಬಂದು ನಿಂತ. ದೊಡ್ಡಕ್ಕನ ಉಸಿರು ಅವನ ಹಿಮ್ಮಡಿಗೆ ತಾಗಿತು. ಮುಂದೆ ಬಡಿಗೆ, ಹಿಂದೆ ಹಲ್ಲು.

"ಹುಚ್ಚು ಆಕಿಗೆ ಹಿಡಿದಿಲ್ಲ ಗೌಡ್ರ. ನನಗ ಹಿಡಿದಿತ್ತು. ಆಕಿ ಉಣ್ಣುವಾಗ ನಾನು ದೋಣ್ಯಾಗ ಬಾಯಿ ಹಾಕಿದೆ. ಅದಕ್ಕ ಕಚ್ಚಿದಳು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗೌಡ ನಗಲಿಲ್ಲ.

"ಆವತ್ತು ಸುಳ್ಳು ಹೇಳಿದವ ಇವತ್ತು ಖರೆ ಹೇಳ್ತಾನಂತ ಹ್ಯಾಂಗ ನಂಬಲಿ? ನಮ್ಮ ಹುಡುಗ ನೀರು ನೋಡಿದರ ಚೀರತಿದ್ದ. ಆ ದನಿ ಇನ್ನೂ ನನ್ನ ಕಿವ್ಯಾಗ ಐತಿ." ಅವನು ಬಡಿಗೆಯಿಂದ ನಾಯಿಯನ್ನು ತೋರಿಸಿದ. "ಇದು ಈಗ ನೀರು ಕುಡೀಲಿ. ಹೋಗ್ತೀವಿ."

ಗುಡ್ಡಪ್ಪ ತಗಡಿನ ತಟ್ಟೆಯನ್ನು ನೋಡಿದ. ಅದು ಅವಳ ತಟ್ಟೆಯಲ್ಲ. ಅಜ್ಜ ಮಠದಲ್ಲಿದ್ದಾಗ ಅದನ್ನೂ ಸಹಿಸಿಕೊಂಡು ಉಂಡಿದ್ದಳು. ಅವಳ ದೋಣಿಯನ್ನು ಅಟ್ಟಕ್ಕೆ ಹಾಕಿದವನು ಅವನೇ.

ತಾನು ಬರುವವರೆಗೆ ಅವಳನ್ನು ಮುಟ್ಟಬಾರದೆಂದು ಗೌಡನಿಂದ ಮಾತು ತೆಗೆದುಕೊಂಡು ಒಳಗೆ ಓಡಿದ. ದೋಣಿ ಇಳಿಸಿದ, ಧೂಳು ಒರೆಸಿದ, ಬಿಂದಿಗೆಯಿಂದ ನೀರು ಸುರಿದ. ಹೊರಗೆ ಬಂದಾಗ ಬಡಿಗೆಗಳು ಒಂದು ಹೆಜ್ಜೆ ಮುಂದೆ ಬಂದಿದ್ದವು. ಅವನು ಅವುಗಳ ನಡುವೆಯೇ ನಡೆದು ಹೋಗಿ, ಕಚ್ಚಿಸಿಕೊಂಡ ಕೈಯಿಂದಲೇ ದೋಣಿಯನ್ನು ಅವಳ ಮೂತಿಯ ಮುಂದಿಟ್ಟ.

ದೊಡ್ಡಕ್ಕ ಮುಖ ತಿರುಗಿಸಿದಳು.

"ಮುಗೀತು," ಅಂದರು ಯಾರೋ.

ಗುಡ್ಡಪ್ಪನಿಗೆ ಅಳು ಬಂತು. ಇನ್ನೇನು ಮಾಡುವುದೋ ತಿಳಿಯಲಿಲ್ಲ. ಮಳೆಗಾಲವೆಲ್ಲ ಏನು ಮಾಡಿದ್ದನೋ ಅದನ್ನೇ ಮಾಡಿದ. ದೋಣಿಯಿಂದ ಹಿಂದೆ ಸರಿದು, ತನ್ನ ಸರದಿಗೆ ಕಾಯುವ ಜಾಗದಲ್ಲಿ ಕೂತು, ಕೈ ಕಟ್ಟಿ ತಲೆ ತಗ್ಗಿಸಿದ.

"ಉಣ್ಣೋರ ಬಾಯಿ ನೋಡಬಾರದು ಗೌಡ್ರ," ಅಂದ ಮೆಲ್ಲಗೆ. "ಆಚೆ ನೋಡ್ರಿ."

ಅವನ ದನಿಯಲ್ಲಿ ಏನಿತ್ತೋ, ಗೌಡ ನೆಲ ನೋಡಿದ. ಅವನನ್ನು ನೋಡಿ ಉಳಿದವರೂ ಮುಖ ಆಚೆ ಮಾಡಿದರು. ಅಷ್ಟು ಜನ ನಿಂತಿದ್ದರೂ ಹೊಳೆಯ ಸದ್ದು ಕೇಳುತ್ತಿತ್ತು. ಗುಡ್ಡಪ್ಪ ತನ್ನ ಮೊಣಕಾಲನ್ನೇ ನೋಡುತ್ತಿದ್ದ. ಅವಳು ಬದುಕಬೇಕು ಎಂದಷ್ಟೇ ಅವನು ಬೇಡಿಕೊಂಡ. ತನ್ನದು ನೆನಪಿಗೇ ಬರಲಿಲ್ಲ.

ಸರಪಳಿ ಸದ್ದಾಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಲೊಚ್ ಲೊಚ್ ಎಂದು ನಾಲಿಗೆ ನೀರಿಗೆ ಬೀಳುವ ಸದ್ದು.

ದೋಣಿ ಬರಿದಾಗುವವರೆಗೂ ಯಾರೂ ತಲೆ ಎತ್ತಲಿಲ್ಲ.

ಗೌಡ ಬಡಿಗೆ ಕೆಳಗಿಳಿಸಿದ. ಗಡುವು ಮುಗಿಯುವವರೆಗೆ ಸರಪಳಿ ಬಿಚ್ಚಬೇಡ ಎಂದು ಹೇಳಿ, ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಹೊರಟುಹೋದ.

ಸಂಜೆ ಅಜ್ಜ ಬಂದಾಗ ಗುಡ್ಡಪ್ಪ ಎಲ್ಲವನ್ನೂ ಹೇಳಿದ. ಬಾಯಿ ಹಾಕಿದ್ದನ್ನೂ, ಸುಳ್ಳು ಹೇಳಿದ್ದನ್ನೂ. ಅಜ್ಜ ಕಂಬಳಿ ಕೊಡವುತ್ತ ಕೇಳಿದರು.

"ನೀ ಉಂಡ್ಯಾ?"

"ಆಕಿ ಈಗಷ್ಟ ಉಂಡಳು. ನೀವು ಉಣ್ರಿ ಮೊದಲ."

ಗಡುವು ಮುಗಿದ ಮುಂಜಾನೆ ದೊಡ್ಡಕ್ಕ ಎಂದಿನಂತೆ ಮೈ ಮುರಿದಳು. ಡಾಕ್ಟರಮ್ಮ ಇನ್ನು ಭಯವಿಲ್ಲ ಎಂದರು. ತಿರಕನಗೌಡ ಒಬ್ಬನೇ ಬಂದ. ಅವಳು ಉಣ್ಣುವುದನ್ನು ಬೇಲಿಯಾಚೆ ನಿಂತು ಓರೆಗಣ್ಣಲ್ಲಿ ನೋಡಿದ. ಒಂದು ತಂಬಿಗೆ ಹಾಲನ್ನು ಕಟ್ಟೆಯ ಮೇಲಿಟ್ಟು ಹೋದ. ಗುಡ್ಡಪ್ಪ ಸರಪಳಿ ಬಿಚ್ಚಿದ. ದೊಡ್ಡಕ್ಕ ಅವನ ಗಾಯವನ್ನು ಮೂಸಿ, ಅವನ ಪಕ್ಕದಲ್ಲೇ ಮಲಗಿದಳು.

ಅವನು ಅಜ್ಜನ ಕಾಲಿಗೆ ಬಿದ್ದ. ಈಗ ಸರದಿ ಕಾಯುವುದು ಗೊತ್ತಾಗಿದೆ, ಇವತ್ತಾದರೂ ದೀಕ್ಷೆ ಕೊಡಿ ಎಂದ.

ಅಜ್ಜ ಜೋಳಿಗೆಗೆ ಕೈ ಹಾಕಿದರು. ಒಂದು ಹಿಡಿ ಮಂಡಕ್ಕಿ ತೆಗೆದು ಅವನ ಅಂಗೈಗೆ ಸುರಿದರು.

"ಭಾನುವಾರ ಬಸ್ಸು ಹತ್ತಿ ನಿಮ್ಮೂರಿಗೆ ಹೋಗಿದ್ದೆ. ಇದು ಅಲ್ಲಿ ಭಿಕ್ಷಾದಾಗ ಸಿಕ್ಕಿದ್ದು. ತಿಂದು ನೋಡು."

ಗುಡ್ಡಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡ. "ಉಸುಕು ಸರಿಯಾಗಿ ಕಾದಿಲ್ಲ ಅಜ್ಜಾರ," ಅಂದ, ತಾನಾಗಿಯೇ.

"ಬೀಗ ಹಾಕಿದ ಭಟ್ಟಿ ಮುಂದ ಒಂದು ನಾಯಿ ಮಲಗಿತ್ತು. ನಾ ಬೊಗಳಿದರೂ ಏಳಲಿಲ್ಲ."

ಗುಡ್ಡಪ್ಪನ ಕೈ ನಿಂತಿತು. "ಮೈಮ್ಯಾಲ ಚುಕ್ಕಿ ಇದ್ದವಾ?"

"ಇದ್ದವು. ಒಂದು ಕಾಲು ಕುಂಟು."

ಅವನ ಕೈ ಉಡಿದಾರದ ಕೀಲಿಗೆ ಹೋಯಿತು.

"ಹಂಗಾರ ನನ್ನ ದೀಕ್ಷಾ, ಅಜ್ಜಾರ?"

ಅಜ್ಜ ದೋಣಿಗೆ ಗೌಡನ ಹಾಲು ಸುರಿದು ದೊಡ್ಡಕ್ಕನ ಮುಂದಿಟ್ಟರು. ಅವಳು ಕುಡಿದು ಮುಗಿಸುವವರೆಗೂ ಆಚೆ ನೋಡುತ್ತ ಕೂತರು. ಆಮೇಲೆ ಹೇಳಿದರು.

"ಅಲ್ಲಿ ನಿನ್ನ ದೊಡ್ಡಕ್ಕ ಇನ್ನೂ ಉಂಡಿಲ್ಲ, ಗುಡ್ಡಪ್ಪ."