ಬರ್ತೀನಿ ಅಂದವರ ಸೀರೆಗಳು

"ಗುರುಗಳೇ, ಕೊಳ್ಳುವ ಗಿರಾಕಿ ಯಾರು, ಸುಮ್ಮನೆ ನೋಡಿಕೊಂಡು ಹೋಗುವ ಗಿರಾಕಿ ಯಾರು ಅಂತ ಬಾಗಿಲಲ್ಲೇ ಗುರುತು ಹಿಡಿಯೋದು ಹೇಗೆ?"

ಕೇಳಿದವನು ಕರಿಬಸಪ್ಪ. ಜವಳಿ ಅಂಗಡಿಯೊಂದರಲ್ಲಿ ಎರಡನೇ ಮಹಡಿಯ ಮೇಲ್ವಿಚಾರಕ. ಸೋಮವಾರದಿಂದ ಅವನು ಆರು ಜನ ಹೊಸಬರಿಗೆ ಕೆಲಸ ಕಲಿಸಬೇಕಾಗಿತ್ತು. ಅವನಿಗೆ ಕೆಲಸ ಕಲಿಸಿದವನು ನಾನು. ಹಾಗಾಗಿ ನಾನು ಗುರು. ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನ ಬೆಂಚೇ ಆಶ್ರಮ.

ನಾನು ಹೇಳಿದೆ: "ಗಿರಾಕಿ ಚಪ್ಪಲಿ ಬಿಡುವ ರೀತಿ ನೋಡಿಯೇ ಅವರು ಏನು ಕೊಳ್ಳುತ್ತಾರೆ, ಎಷ್ಟು ಕೊಳ್ಳುತ್ತಾರೆ, ಯಾವ ಬಣ್ಣದ್ದು ಕೊಳ್ಳುತ್ತಾರೆ ಅಂತ ಹೇಳಬಲ್ಲ ಮನುಷ್ಯ ಈ ರಾಜ್ಯದಲ್ಲಿ ನಾನೊಬ್ಬನೇ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ."

ಕರಿಬಸಪ್ಪ ಜೇಬಿನಿಂದ ಪೆನ್ನು ತೆಗೆದ.

"ಬರೆದುಕೊಳ್ಳಬೇಡ, ಸುಳ್ಳು. ಹೋದ ತಿಂಗಳು ಕರೆಂಟ್ ಮೀಟರ್ ನೋಡಲು ಬಂದವನನ್ನು ಕೂರಿಸಿಕೊಂಡು ಅರ್ಧ ಗಂಟೆ ರೇಷ್ಮೆ ಸೀರೆ ತೋರಿಸಿದ್ದೇನೆ. ಪಾಪ, ಅವನು ಮೂರು ಆರಿಸಿಯೂ ಇಟ್ಟಿದ್ದ. ನಿನಗೊಂದು ಕತೆ ಹೇಳುತ್ತೇನೆ. ಅದರಲ್ಲಿ ಸುಳ್ಳು ಕಡಿಮೆ."

ಅವನು ಪೆನ್ನು ಒಳಗಿಟ್ಟ. ನಾನು ಶುರು ಮಾಡಿದೆ.

ಒಂದು ಊರಲ್ಲಿ ಒಬ್ಬ ವ್ಯಾಪಾರಿ ಇದ್ದ. ಅಪ್ಪನ ಕಾಲದ ಚಿಕ್ಕ ಜವಳಿ ಅಂಗಡಿಯನ್ನು ಅವನು ಮೂರು ಮಹಡಿ ಮಾಡಿದ. ಇಪ್ಪತ್ತು ಜನರನ್ನು ಕೆಲಸಕ್ಕೆ ಸೇರಿಸಿಕೊಂಡ. ಅವರಿಗೆ ಗಿರಾಕಿಗಳ ಜೊತೆ ನಡೆದುಕೊಳ್ಳುವುದನ್ನು ಕಲಿಸಲು ದೂರದ ಪಟ್ಟಣದಿಂದ ಒಬ್ಬ ತರಬೇತುದಾರನನ್ನು ಕರೆಸಿದ.

ತರಬೇತುದಾರ ಒಳ್ಳೆಯವನು. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದ. ವ್ಯಾಕರಣ ಒಂದು ದಿನವೂ ತಪ್ಪುತ್ತಿರಲಿಲ್ಲ. ಅದೊಂದೇ ಅವನ ತಪ್ಪು. ಕೈ ಹೇಗೆ ಮುಗಿಯಬೇಕು, ಎಷ್ಟು ದೂರ ನಿಲ್ಲಬೇಕು ಎಂದು ಮೂರು ದಿನ ಕಲಿಸಿದ. ನಗುವಾಗ ಮೇಲಿನ ಹಲ್ಲು ಕಾಣಬೇಕು, ಕೆಳಗಿನದು ಕಾಣಬಾರದು ಎಂದ. ಕೆಳಗಿನ ಹಲ್ಲು ಮಾತ್ರ ಉಳಿದಿದ್ದ, ಅಪ್ಪನ ಕಾಲದ ಒಬ್ಬ ಹಳಬನನ್ನು ಗೋದಾಮಿಗೆ ಹಾಕಿದರು.

ಕಡೆಯ ದಿನ ಅವನು ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ ಕೊಟ್ಟ. "ಏನನ್ನೂ ಕೊಳ್ಳದೆ ಹೊರಡುವ ಗಿರಾಕಿ ಕಡೆಯಲ್ಲಿ ಏನು ಹೇಳಿದರು ಎಂಬುದನ್ನು ಇದರಲ್ಲಿ ಬರೆಯಿರಿ. ಗಿರಾಕಿಯ ಮಾತನ್ನು ನಂಬಿರಿ" ಎಂದ.

ಕೆಲಸಗಾರರಲ್ಲಿ ಒಬ್ಬಳು ಅಂಗಡಿ ಕೆಲಸಕ್ಕೆ ಹೊಸಬಳು. ಇಪ್ಪತ್ತು ವರ್ಷ ಮಾರುಕಟ್ಟೆಯ ಮೂಲೆಯಲ್ಲಿ ಕೂತು ಹೂ ಮಾರಿದವಳು. ಎಲ್ಲರೂ ಅವಳನ್ನು ಹೂವಿನಕ್ಕ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ಸೂರು, ಸೂರಿಗೊಂದು ಫ್ಯಾನು ಇರುವ ಕೆಲಸ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಬಿಸಿಲಿಗೆ ಕಣ್ಣು ಮಂಜಾಗುತ್ತಿದೆ, ಇನ್ನು ಬೀದಿಯಲ್ಲಿ ಕೂರಬೇಡ ಎಂದು ವೈದ್ಯರು ಹೇಳಿದ್ದರು. ಆ ಕೆಲಸ ಹೋದರೆ ಅವಳಿಗೆ ಮತ್ತೆ ಆ ಬಿಸಿಲೇ ಗತಿ.

ಅದು ಆಷಾಢ ಮಾಸ. ಆಷಾಢದಲ್ಲಿ ಮದುವೆ ಇಲ್ಲ. ಮದುವೆಯ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ; ನೋಡುತ್ತಾರೆ. ಹತ್ತು ಅಂಗಡಿ ಹತ್ತಿ ಇಳಿಯುತ್ತಾರೆ. ನೂರು ಸೀರೆ ಬಿಚ್ಚಿಸುತ್ತಾರೆ. ಕಡೆಗೆ "ಬರ್ತೀನಿ" ಎಂದು ಎದ್ದು ಹೋಗುತ್ತಾರೆ.

ವಾರ ಕಳೆಯಿತು. ತರಬೇತುದಾರ ಪುಸ್ತಕಗಳನ್ನೆಲ್ಲ ಓದಿ, ಸಂತೋಷ ತಾಳಲಾರದೆ ವ್ಯಾಪಾರಿಯ ಬಳಿ ಓಡಿದ.

"ಯಜಮಾನರೇ, ಇನ್ನೂರು ಗಿರಾಕಿಗಳು ಮರಳಿ ಬರುವುದಾಗಿ ಮಾತು ಕೊಟ್ಟಿದ್ದಾರೆ. ಎಲ್ಲರ ಪುಸ್ತಕದಲ್ಲೂ ಅದೇ ಇದೆ: ಬರ್ತೀನಿ, ಬರ್ತೀನಿ, ಬರ್ತೀನಿ."

ವ್ಯಾಪಾರಿ ಕನ್ನಡಕ ತೆಗೆದಿಟ್ಟು ನಕ್ಕ. "ಸ್ವಾಮಿ, ಅದು ಹೊರಡೋ ಮಾತು. ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಕೇಳೋಕೆ ಚೆನ್ನಾಗಿರಲ್ಲ. ಅದಕ್ಕೇ ಹೋಗೋರೆಲ್ಲ ಬರ್ತೀನಿ ಅಂತಾರೆ. ನಮ್ಮ ಸೋದರಮಾವ ಇಪ್ಪತ್ತು ವರ್ಷದ ಹಿಂದೆ ಬರ್ತೀನಿ ಅಂತ ಹೋದ. ಇವತ್ತಿನವರೆಗೂ ಬಂದಿಲ್ಲ. ನಾವು ಕಾಯ್ತಾನೂ ಇಲ್ಲ."

ಇಡೀ ಅಂಗಡಿ ನಕ್ಕಿತು. ತರಬೇತುದಾರನ ಕಿವಿ ಕೆಂಪಾಯಿತು. ಹೂವಿನಕ್ಕ ಒಬ್ಬಳು ನಗಲಿಲ್ಲ.

"ನೀನ್ಯಾಕೆ ನಗಲಿಲ್ಲ?" ಎಂದ ವ್ಯಾಪಾರಿ.

ಅವಳು ತನ್ನ ಕಪಾಟಿನ ಕೆಳಗಿನ ಬಾಗಿಲು ತೆರೆದಳು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ನಲವತ್ತೊಂದು ಗಂಟುಗಳಿದ್ದವು. ಒಂದೊಂದರಲ್ಲೂ ಒಂದು ಸೀರೆ. ಒಂದೊಂದರ ಮೇಲೂ ಒಂದು ಚೀಟಿ. ನಾಲ್ಕನೇ ತರಗತಿಯ ಗುಂಡು ಅಕ್ಷರ.

ವ್ಯಾಪಾರಿ ಒಂದು ಚೀಟಿ ಓದಿದ. "ಬದನೆ ಬಣ್ಣ. ತಂಗಿ ಮದುವೆ. ಅತ್ತೆಗೆ ತೋರಿಸಬೇಕಂತೆ. ಶ್ರಾವಣದ ಮೊದಲ ಶುಕ್ರವಾರ."

ಇನ್ನೊಂದು ಓದಿದ. "ಗಿಣಿಹಸಿರು. ತಾಯಿಗೆ ಇಷ್ಟ. ಮಗಳು ಬೇಡ ಅಂದಳು, ಆದರೆ ಮೆಟ್ಟಿಲ ಹತ್ತಿರ ಒಂದು ಸಲ ತಿರುಗಿ ನೋಡಿದಳು. ಶ್ರಾವಣದ ಮೊದಲ ಶುಕ್ರವಾರ."

ಮತ್ತೊಂದು. "ಸುಮ್ಮನೆ ನೋಡೋಕೆ ಬಂದೆ ಅಂದರು. ಎರಡು ಸಲ ಸೆರಗು ಮುಟ್ಟಿದರು. ಶ್ರಾವಣದ ಮೊದಲ ಶುಕ್ರವಾರ."

"ಏನಮ್ಮ ಇದು?"

"ಬರ್ತೀನಿ ಅಂದವರದು. ಯಾವತ್ತು ಬರ್ತೀರಿ ಅಂತ ಕೇಳಿದೆ. ಆಷಾಢ ಕಳೀಲಿ, ಶ್ರಾವಣದ ಮೊದಲ ಶುಕ್ರವಾರ ಅಂತ ಎಲ್ಲರೂ ಹೇಳಿದರು. ಎತ್ತಿಟ್ಟಿದ್ದೀನಿ."

ಹೂ ಮಾರುವವರು ಹಾಗೆಯೇ ಮಾಡುತ್ತಾರೆ. ಆಮೇಲೆ ಬರ್ತೀನಿ ಎಂದು ಹೋದವರಿಗೆ ಒಂದು ಮೊಳ ಹೂವನ್ನು ಒದ್ದೆ ಬಟ್ಟೆಯ ಕೆಳಗೆ ಬೇರೆ ಇಡುತ್ತಾರೆ. ಅವಳಿಗೆ ಗೊತ್ತಿದ್ದ ವ್ಯಾಪಾರ ಅದು. ತರಬೇತುದಾರನೂ ಅದನ್ನೇ ಹೇಳುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು.

ವ್ಯಾಪಾರಿಗೆ ಸಿಟ್ಟು ಬಂತು. "ನಲವತ್ತೊಂದು ಸೀರೆಯನ್ನ ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದ್ದೀಯಲ್ಲ."

"ಬಚ್ಚಿಟ್ಟಿಲ್ಲ ಯಜಮಾನರೇ. ಎತ್ತಿಟ್ಟಿದ್ದೀನಿ."

"ಸರಿ. ಆ ಶುಕ್ರವಾರ ಬರಲಿ. ಅವತ್ತು ದೀಪ ಹಚ್ಚೋ ಹೊತ್ತಿಗೆ ಇವರಲ್ಲಿ ಅರ್ಧ ಜನ ಬಂದಿರಬೇಕು. ಬರಲಿಲ್ಲವಾ, ನೀನೂ ಬರ್ತೀನಿ ಅಂತ ಹೇಳಿ ಹೊರಡು."

ಅವಳು ಕಪಾಟಿನ ಬಾಗಿಲು ಮುಚ್ಚಿದಳು.

ಎರಡು ದಿನದ ನಂತರ ದೊಡ್ಡ ಗುತ್ತಿಗೆದಾರನೊಬ್ಬನ ಹೆಂಡತಿ ಕಾರಿನಲ್ಲಿ ಬಂದಳು. ಬದನೆ ಬಣ್ಣದ್ದೇ ಬೇಕು ಎಂದಳು. ಅಂಗಡಿಯಲ್ಲಿ ಇದ್ದದ್ದು ಅದೊಂದೇ. ಕೊಡು ಎಂದು ವ್ಯಾಪಾರಿ ಕಣ್ಣಲ್ಲೇ ಹೇಳಿದ.

"ಅದು ಬೇರೆಯವರದು ತಾಯಿ" ಎಂದಳು ಹೂವಿನಕ್ಕ.

"ಮುಂಗಡ ಕೊಟ್ಟಿದ್ದಾರಾ?"

"ಇಲ್ಲ. ಬರ್ತೀನಿ ಅಂದಿದ್ದಾರೆ."

ಗುತ್ತಿಗೆದಾರನ ಹೆಂಡತಿ ಅವಳ ಮುಖವನ್ನು ನೋಡಿದಳು. ಆಮೇಲೆ ಮಾವಿನ ಬಣ್ಣದ ಸೀರೆಯೊಂದರ ಮೇಲೆ ಕೈಯಿಟ್ಟಳು. "ಹಾಗಾದರೆ ಇದನ್ನ ನನಗೆ ಎತ್ತಿಡು. ಅದೇ ಶ್ರಾವಣದ ಶುಕ್ರವಾರ ಸೊಸೆ ಕರಕೊಂಡು ಬರ್ತೀನಿ" ಎಂದು ಎದ್ದು ಹೋದಳು.

ಗಂಟುಗಳು ನಲವತ್ತೆರಡಾದವು. ವ್ಯಾಪಾರಿ ಹಣೆಗೆ ಕೈ ಹಚ್ಚಿ ಕೂತ.

ಶ್ರಾವಣ ಬಂತು. ಮೊದಲ ಶುಕ್ರವಾರ ಬಂತು. ಹೂವಿನಕ್ಕ ಗಂಟುಗಳನ್ನೆಲ್ಲ ಕಪಾಟಿನಿಂದ ತೆಗೆದು, ಸೀರೆ ತೋರಿಸುವ ಬಿಳಿ ಗಾದಿಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಕೊಳ್ಳುವವರು ಬಂದರು, ಆ ಗಂಟುಗಳವರು ಯಾರೂ ಬರಲಿಲ್ಲ. ಜೊತೆಯ ಕೆಲಸಗಾರರು ಅವಳ ಚಪ್ಪಲಿಯನ್ನು ಬೀದಿಯ ಕಡೆಗೆ ತಿರುಗಿಸಿ ಇಟ್ಟರು, ತಮಾಷೆಗೆ. ಅವಳು ನೋಡಿದಳು. ಗಂಟುಗಳ ಸಾಲನ್ನು ಸರಿಮಾಡಿದಳು.

ಹನ್ನೆರಡರ ಹೊತ್ತಿಗೆ ಒಬ್ಬ ತಾಯಿ, ಒಬ್ಬಳು ಮಗಳು ಮೆಟ್ಟಿಲು ಹತ್ತಿ ಬಂದರು. ತಾಯಿ ನೇರವಾಗಿ ಹೂವಿನಕ್ಕನ ಮುಂದೆ ಕೂತಳು.

"ನನ್ನ ನೆನಪು ಇದೆಯೇನಮ್ಮ?"

ಹೂವಿನಕ್ಕ ಗಿಣಿಹಸಿರು ಸೀರೆಯ ಗಂಟು ಬಿಚ್ಚಿ ಮಗಳ ಮಡಿಲಲ್ಲಿ ಇಟ್ಟಳು.

ತಾಯಿ ಮಗಳ ಕಡೆ ತಿರುಗಿ ಹೇಳಿದಳು: "ನೋಡಿದೆಯಾ? ಹತ್ತು ಅಂಗಡಿಯಲ್ಲಿ ಬರ್ತೀನಿ ಅಂದೆ. ಒಂಬತ್ತು ಕಡೆ ನಾನು ಏಳೋ ಮೊದಲೇ ಸೀರೆ ಮಡಚೋಕೆ ಶುರು ಮಾಡಿದರು. ಈ ತಾಯಿ ಒಬ್ಬಳು ಯಾವತ್ತು ಅಂತ ಕೇಳಿದಳು. ಬಾಯಿಗೆ ಬಂದ ದಿನ ಹೇಳಿಬಿಟ್ಟೆ. ಬೆಳಗ್ಗೆ ಎದ್ದಾಗಿನಿಂದ ಅದೇ ಕೊರೀತಾ ಇತ್ತು."

ಅವರು ಗಿಣಿಹಸಿರನ್ನು ಕೊಂಡರು. ಅದರ ಜೊತೆಗೆ ಮದುವೆಯ ಮನೆಗೆ ಬೇಕಾದ್ದನ್ನೆಲ್ಲ ಅಲ್ಲೇ ಕೊಂಡರು. ಅವರಿನ್ನೂ ಕೂತಿರುವಾಗಲೇ ಬದನೆ ಬಣ್ಣದವಳು ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆ ತನ್ನ ಮೂವರು ಓರಗಿತ್ತಿಯರನ್ನು ಕರೆದುಕೊಂಡು ಬಂದಿದ್ದಳು. ಎರಡು ಗಂಟೆಗೆ ಟೆಂಪೋ ಒಂದು ಬಂದು ನಿಂತು ಹನ್ನೊಂದು ಹೆಂಗಸರನ್ನು ಇಳಿಸಿತು. ಗುತ್ತಿಗೆದಾರನ ಹೆಂಡತಿ ಸೊಸೆಯ ಜೊತೆ ಬಂದು, ಜಾಗವಿಲ್ಲದೆ ಮೆಟ್ಟಿಲ ಮೇಲೆಯೇ ಕೂತಳು. ಬಂದವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: "ಎತ್ತಿಟ್ಟಿದ್ದ ಅಕ್ಕ ಎಲ್ಲಿ?"

ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗ ಉಳಿಯಲಿಲ್ಲ. ಹೂವಿನಕ್ಕನ ಚಪ್ಪಲಿ ತಿರುಗಿಸಿಟ್ಟವರಿಗೆ ತಮ್ಮ ಚಪ್ಪಲಿಯೇ ಸಿಗಲಿಲ್ಲ. ತರಬೇತುದಾರ ನೀರು ಹಂಚಿದ. ಗೋದಾಮಿನಲ್ಲಿದ್ದ ಹಳಬನನ್ನೂ ಕರೆಸಿದರು. ಅವನು ಕೆಳಗಿನ ಹಲ್ಲಿನಲ್ಲೇ ನಕ್ಕ. ಯಾರೂ ಎದ್ದು ಹೋಗಲಿಲ್ಲ. ಕಡೆಗೆ ವ್ಯಾಪಾರಿಯೇ ಅಂಗಿಯ ತೋಳು ಮಡಚಿಕೊಂಡು ಗಾದಿಯ ಮೇಲೆ ಕೂತ. ಸೀರೆ ಮಡಚಿ ಹತ್ತು ವರ್ಷವಾಗಿತ್ತು. ಒಬ್ಬ ಮುದುಕಿ ಅವನ ಕೈಯಿಂದ ಸೀರೆ ಕಿತ್ತುಕೊಂಡಳು.

"ಹೊಸಬನೇನಪ್ಪ? ಸೆರಗು ಮೇಲೆ ಬರಬೇಕು."

"ಹೌದು ತಾಯಿ, ಇವತ್ತೇ ಸೇರಿದೆ" ಎಂದ ವ್ಯಾಪಾರಿ.

ದೀಪ ಹಚ್ಚುವ ಹೊತ್ತಾಯಿತು. ನಲವತ್ತೆರಡಕ್ಕೆ ನಲವತ್ತೆರಡು ಜನವೂ ಬಂದಿದ್ದರು.

ಕರಿಬಸಪ್ಪ ನನ್ನ ಮುಖ ನೋಡಿದ.

"ಸರಿ, ಮೂವತ್ತಾರು" ಎಂದೆ.

ಅವನು ನೋಡುತ್ತಲೇ ಇದ್ದ.

"ಇಪ್ಪತ್ತೊಂಬತ್ತು. ಇದೇ ಕಡೆಯ ರೇಟು. ಇನ್ನು ಇಳಿಸೋದಿಲ್ಲ. ಅರ್ಧ ಅಂದರೆ ಇಪ್ಪತ್ತೊಂದು ತಾನೇ, ಅವಳು ಹೇಗೂ ಗೆದ್ದಳು. ಕತೆ ಕೇಳು."

ವ್ಯಾಪಾರಿ ದೀಪ ಹಚ್ಚಿ ಕೈಮುಗಿದ. ಆಮೇಲೆ ಎಲ್ಲರೆದುರಿಗೆ ಹೂವಿನಕ್ಕನ ಮುಂದೆ ಬಂದು ಗಾದಿಯ ಅಂಚಿನಲ್ಲಿ ಕೂತ. ಗಿರಾಕಿ ಕೂರುವ ಜಾಗ ಅದು.

"ಒಂದು ಮಾತು ಹೇಳಮ್ಮ. ದಿನಕ್ಕೆ ಎಷ್ಟೋ ಜನ ಬರ್ತೀನಿ ಅಂತಾರೆ. ಇವರಲ್ಲಿ ನಿಜವಾಗಿ ಬರುವವರು ಯಾರು ಅಂತ ನಿನಗೆ ಹೇಗೆ ಗೊತ್ತಾಯಿತು?"

"ನನಗೆ ಗೊತ್ತಿರಲಿಲ್ಲ ಯಜಮಾನರೇ. ಅವರಿಗೂ ಗೊತ್ತಿರಲಿಲ್ಲ."

ತರಬೇತುದಾರ ತನ್ನ ಪುಸ್ತಕ ತೆರೆದು, ಬರೆಯಲು ಹೋಗಿ, ಮುಚ್ಚಿದ. ಮರುದಿನ ತರಬೇತಿ ಮತ್ತೆ ಮೊದಲಿನಿಂದ ಶುರುವಾಯಿತು. ಗಾದಿಯ ಮೇಲೆ ಹೂವಿನಕ್ಕ ಕೂತಿದ್ದಳು. ಕೆಳಗೆ ಗೋದಾಮಿನ ಹಳಬನೂ ಸೇರಿ ಇಪ್ಪತ್ತು ಜನ ಕೂತಿದ್ದರು. ಇಪ್ಪತ್ತೊಂದನೆಯವನು ತರಬೇತುದಾರ, ಇಪ್ಪತ್ತೆರಡನೆಯವನು ವ್ಯಾಪಾರಿ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಕತೆ ಮುಗಿಯಿತು. ಕರಿಬಸಪ್ಪ ಗದ್ದ ಕೆರೆದುಕೊಂಡ. ಅವನಿಗೆ ಸಮಾಧಾನವಾಗಿರಲಿಲ್ಲ.

"ಆದರೂ ಗುರುಗಳೇ, ಇಷ್ಟು ವರ್ಷದ ಅನುಭವ ನಿಮ್ಮದು. ಒಬ್ಬ ಮನುಷ್ಯ ಒಳಗೆ ಬಂದ ಕೂಡಲೇ ಮುಖ ನೋಡಿದರೆ, ಇವನು ದುಡ್ಡು ಬಿಚ್ಚುವವನು, ಇವನು ಬಿಚ್ಚದವನು ಅಂತ ಸ್ವಲ್ಪವಾದರೂ ಗೊತ್ತಾಗಬೇಕಲ್ಲ."

ನಾನು ಎದ್ದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೆ.

"ನೀನು ಈಗ ಒಳಗೆ ಬಂದಾಗ ನಿನ್ನ ಮುಖ ನೋಡಿ, ಇವನು ನನ್ನ ಚಹಾಕ್ಕೆ ದುಡ್ಡು ಕೊಡುವವನಲ್ಲ ಅಂದುಕೊಂಡೆ ಕರಿಬಸಪ್ಪ, ನನ್ನ ಲೆಕ್ಕ ತಪ್ಪು ಅಂತ ತೋರಿಸು."