ವೈಶಾಖದ ಕಂಬಳಿದಾನ

ಸಾಹುಕಾರ ಗುಮ್ಮಣ್ಣನದು ಕೊಡುವ ಕೈ. ಆದರೆ ಕೊಡುವಾಗ ನೋಡುವವರು ಇರಬೇಕು, ಅಷ್ಟೇ. ಬಡವರಿಗೆ ಕಂಬಳಿ ಹಂಚುತ್ತೇನೆಂದು ಚಳಿಗಾಲದಲ್ಲೇ ಡಂಗುರ ಹೊಡೆಸಿದ್ದ. ಆಗ ದೊರೆ ಊರಲ್ಲಿರಲಿಲ್ಲ. ದೊರೆ ನೋಡದ ಮೇಲೆ ಅದೆಂಥ ದಾನ? ಕಂಬಳಿಗಳು ಉಗ್ರಾಣದಲ್ಲೇ ಬೆಚ್ಚಗೆ ಮಲಗಿದವು. ದೊರೆ ಬಂದದ್ದು ವೈಶಾಖದಲ್ಲಿ.

ಸರಿ, ನೆತ್ತಿ ಸುಡುವ ಮಧ್ಯಾಹ್ನ, ಅರಮನೆಯ ಮುಂದಿನ ಬಯಲಲ್ಲಿ ದಾನ ಶುರುವಾಯಿತು. ದೊರೆಗೆ ಚಪ್ಪರ, ಸಾಹುಕಾರನಿಗೆ ಚಪ್ಪರ, ಬಡವರಿಗೆ ಬಿಸಿಲು. ಮೇಲೊಂದು ಕಟ್ಟಳೆ ಬೇರೆ. ಹೊಗಳುಭಟರು ಗುಮ್ಮಣ್ಣನ ವಂಶವನ್ನೆಲ್ಲ ಹೊಗಳಿ ಮುಗಿಸುವ ತನಕ ಎಲ್ಲರೂ ಕಂಬಳಿ ಹೊದ್ದೇ ನಿಂತಿರಬೇಕು. ಬಿಸಿಲೆಂದು ತೆಗೆದವರ ಕಂಬಳಿ ವಾಪಸು.

ದೊರೆಯ ಪಕ್ಕದಲ್ಲಿದ್ದ ವಿದೂಷಕ ತಿಪ್ಪರಸನ ಕಣ್ಣು ಸಂಕವ್ವನ ಮೇಲೆ ಬಿತ್ತು. ಅರಮನೆಯ ಅಂಗಳ ಗುಡಿಸುವ ಮುದುಕಿ. ಹೋದ ಚಳಿಗಾಲವನ್ನು ಗೋಣಿಚೀಲ ಹೊದ್ದು, ಕೆಮ್ಮಿ ಕೆಮ್ಮಿ ಹೇಗೋ ದಾಟಿದ್ದಳು. ಕಂಬಳಿಯಿಲ್ಲದೆ ಇನ್ನೊಂದು ಚಳಿಗಾಲ ದಾಟುವುದು ಆಗದ ಮಾತು. ಈಗ ಬೆವರಲ್ಲಿ ತೊಯ್ದುಹೋಗಿದ್ದರೂ ಕಂಬಳಿಯ ಅಂಚು ಬಿಟ್ಟಿರಲಿಲ್ಲ. ಹೊಗಳುಭಟರು ನೋಡಿದರೆ ಇನ್ನೂ ಸಾಹುಕಾರನ ಮುತ್ತಜ್ಜನನ್ನೇ ಹೊಗಳುತ್ತಿದ್ದರು.

ತಿಪ್ಪರಸ ದೊರೆಗೆ ಕೈಮುಗಿದು ಅರಿಕೆ ಮಾಡಿಕೊಂಡ. ಇಂಥ ದಾನಿಗೆ ಬರೀ ಹೊಗಳಿಕೆ ಸಾಲದು, ಪಡೆದವರೇ ಹೊದಿಸಿ ಸನ್ಮಾನ ಮಾಡಬೇಕು. ಪಾಪ, ಅವರ ಹತ್ತಿರ ಶಾಲು ಎಲ್ಲಿದೆ? ಇರುವ ಕಂಬಳಿಯನ್ನೇ ಸಾಹುಕಾರರಿಗೆ ಹೊದಿಸಲಿ, ಹೊಗಳಿಕೆ ಮುಗಿದ ಮೇಲೆ ಅವರವರದು ಅವರವರಿಗೆ. ದೊರೆ ಹೂಂ ಎಂದ. ದೊರೆಯ ಎದುರು ಸನ್ಮಾನ ಅಂದಮೇಲೆ ಕೇಳಬೇಕೇ, ಗುಮ್ಮಣ್ಣ ಉಬ್ಬಿಹೋದ. ಎಲ್ಲರಿಗೂ ಕಾಣಲೆಂದು ತಾನೇ ಚಪ್ಪರ ಬಿಟ್ಟು ನಡುಬಯಲಿಗೆ ಬಂದು ನಿಂತ.

ಮೊದಲು ಸಂಕವ್ವ ಹೊದಿಸಿದಳು. ಆಮೇಲೆ ಉಳಿದವರು, ಕಂಬಳಿಯ ಮೇಲೆ ಕಂಬಳಿ. ಸ್ವಲ್ಪ ಹೊತ್ತಿಗೆ ಸಾಹುಕಾರನ ನಗು ಮಾಯವಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಮೂಗೊಂದು ಬಿಟ್ಟು ಸಾಹುಕಾರನೇ ಮಾಯವಾದ. ಹೊದಿಸಿದವರೆಲ್ಲ ಹೋಗಿ ಬೇವಿನ ಮರದ ನೆರಳಲ್ಲಿ ಕೂತರು.

"ತಿಪ್ಪರಸಾ, ಇದನ್ನೆಲ್ಲ ತೆಗೆಸಪ್ಪಾ, ಜೀವ ಹೋಗ್ತಿದೆ" ಎಂದು ಕಂಬಳಿಯೊಳಗಿಂದ ದನಿ ಬಂತು.

"ದೊರೆಯ ಎದುರು ಸನ್ಮಾನ ಕಿತ್ತೆಸೆಯುವುದುಂಟೇ, ಸಾಹುಕಾರರೇ? ಇನ್ನೇನು, ಭಟರು ನಿಮ್ಮ ಅಜ್ಜನ ತನಕ ಬಂದಿದ್ದಾರೆ. ನಿಮ್ಮಪ್ಪ ಆದಮೇಲೆ ನೀವೇ."

"ಹೊಗಳಿದ್ದು ಸಾಕು ಕಣ್ರೋ, ನಿಲ್ಲಿಸಿ!"

ತನ್ನ ಹೊಗಳಿಕೆಯನ್ನು ತಾನೇ ನಿಲ್ಲಿಸಿದ್ದು ಗುಮ್ಮಣ್ಣನ ಜನ್ಮದಲ್ಲಿ ಅದೇ ಮೊದಲು. ಹೊಗಳಿಕೆ ನಿಂತ ಮೇಲೆ ಕಟ್ಟಳೆಯೂ ಮುಗಿಯಿತಲ್ಲ, ಜನ ಬಂದು ಅವರವರ ಕಂಬಳಿ ಎತ್ತಿಕೊಂಡರು. ಎಲ್ಲಕ್ಕಿಂತ ಅಡಿಯಲ್ಲಿದ್ದದ್ದು ಸಂಕವ್ವನದು. ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಹಿಂತಿರುಗಿ ಕೂಡ ನೋಡದೆ ಮನೆಯ ದಾರಿ ಹಿಡಿದಳು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಗಲ ಮೇಲಿನ ಜರಿ ಶಾಲು ಬಿಚ್ಚಿ, "ಬಾರಯ್ಯ, ಎಲ್ಲರೆದುರು ನಿನಗೂ ಒಂದು ಸನ್ಮಾನವಾಗಲಿ" ಎಂದ.

ತಿಪ್ಪರಸ ಹಿಂದಕ್ಕೆ ಸರಿದ.

"ಶಾಲು ಪುಷ್ಯಮಾಸದ ಚಳಿಯಲ್ಲಿ ಕೊಡಿ ಪ್ರಭು, ಯಾರೂ ನೋಡದಿದ್ದಾಗ. ಈಗ ಒಂದು ಚೊಂಬು ಮಜ್ಜಿಗೆ ಸಾಕು."